ಸಿ.ಬಿ. ಮುತ್ತಮ್ಮ ಯಾರು? ವಿದೇಶಾಂಗ ಸೇವೆಯಲ್ಲಿ ಅವರ ವೃತ್ತಿ ಬದುಕು ಹೇಗಿತ್ತು?

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನಲ್ಲಿ ಕಾಲೇಜು. 1948ರಲ್ಲಿ ಸಿವಿಲ್ ಸರ್ವೀಸ್ ಪರೀಕ್ಷೆ ಪಾಸಾದ ಮೊದಲ ಮಹಿಳೆ. ಮರುವರ್ಷ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಮೊದಲ ಪೋಸ್ಟಿಂಗ್ ಪ್ಯಾರಿಸ್.

ಸೇರುವಾಗಲೇ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿದ್ದರು: ಮದುವೆಯಾದರೆ ರಾಜೀನಾಮೆ ಕೊಡಬೇಕು. ಗಂಡಸರಿಗೆ ಇಂಥ ಷರತ್ತು ಇರಲಿಲ್ಲ. ಆಮೇಲೆ ಬಂದ ಸೇವಾ ನಿಯಮಗಳಲ್ಲೂ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನ್ನಿಸಿದರೆ ಮನೆಗೆ ಕಳಿಸಬಹುದಿತ್ತು. ಎಂಥ ಅನ್ಯಾಯ ಅಲ್ವಾ? ಮುತ್ತಮ್ಮ ಕೊನೆಯವರೆಗೂ ಮದುವೆಯಾಗಲಿಲ್ಲ.

1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಸೇವೆಯ ಒಳಗಿನಿಂದಲೇ ಬೆಳೆದು ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ ಅವರೇ. ಮುಂದೆ ಘಾನಾ.

ನನಗೆ ಅವರ ಬಗ್ಗೆ ಜಾಸ್ತಿ ಗೌರವ ಬರೋದು ಇದರ ನಂತರದ ಘಟನೆಯಿಂದ. ಬಡ್ತಿ ತಪ್ಪಿಸಿದಾಗ ಅವರು ಸುಮ್ನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಸೇವೆಯಲ್ಲಿದ್ದುಕೊಂಡೇ ಸರ್ಕಾರದ ಮೇಲೆ ಕೇಸು! ವಿಚಾರಣೆ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟೇಬಿಟ್ಟಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸರ್ಕಾರವನ್ನು ಖಾರವಾಗಿಯೇ ತರಾಟೆಗೆ ತೆಗೆದುಕೊಂಡರು. ಹೆಣ್ಣು-ಗಂಡಿನ ನಡುವೆ ಭೇದ ಮಾಡುವ ಸೇವಾ ನಿಯಮಗಳನ್ನೆಲ್ಲ ಸರಿಪಡಿಸಿ ಅಂದರು. ಮದುವೆಯ ನಿಯಮ ಅಷ್ಟರಲ್ಲೇ ರದ್ದಾಗಿತ್ತು.

ನೆದರ್‌ಲ್ಯಾಂಡ್ಸ್‌ಗೂ ರಾಯಭಾರಿಯಾಗಿದ್ದ ಅವರು 1982ರಲ್ಲಿ ನಿವೃತ್ತರಾದರು. 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.