ಮನೆಯ ಪರದೆಯಲ್ಲಿ ಬಸ್ಟರ್ ಕೀಟನ್: ಓದುಗರು ಕೇಳಿದ್ದು, ನಾನು ಹೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಬಗ್ಗೆ ಬರೆದದ್ದು ನಾಲ್ಕೇ ಸಾಲು. ಬಂದ ಪತ್ರಗಳು ಮಾತ್ರ ಒಂದು ಕಟ್ಟು. ಚಾಪ್ಲಿನ್ ಬಗ್ಗೆ ಬರೆದಾಗ ಯಾರೂ ಏನನ್ನೂ ಕೇಳಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಕೀಟನ್‌ಗೇ ಮೀಸಲು.

ಪ್ರಶ್ನೆ: ನೀವು ಹೊಗಳಿದ್ದನ್ನು ನಂಬಿ ‘ದಿ ಜನರಲ್’ ಡಿವಿಡಿಯನ್ನು ಹಳೆಯ ಪುಸ್ತಕದ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡೆ. ಮಸುಕು ಚಿತ್ರ, ಗಡಿಬಿಡಿಯಿಂದ ಓಡಾಡುವ ಜನ, ಹಿನ್ನೆಲೆಯಲ್ಲಿ ಸಂಬಂಧವೇ ಇಲ್ಲದ ಪಿಯಾನೊ. ಅರ್ಧಕ್ಕೇ ನಿಲ್ಲಿಸಿದೆ. ಇದರಲ್ಲಿ ನಗುವಂಥದ್ದು ಏನಿದೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಉತ್ತರ: ನೀವು ನೋಡಿದ್ದು ‘ದಿ ಜನರಲ್’ ಅಲ್ಲ ಸ್ವಾಮಿ, ಅದರ ಪ್ರೇತ. 1926ರ ಈ ಚಿತ್ರದ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಎಂದೋ ತೀರಿದೆ. ನಮ್ಮ ಕಾನೂನಿನಲ್ಲೂ ಚಲನಚಿತ್ರಕ್ಕೆ 60 ವರ್ಷದ ರಕ್ಷಣೆ ಮಾತ್ರ. ಹೀಗಾಗಿ ಯಾರು ಬೇಕಾದರೂ ಡಿಸ್ಕ್ ಮಾಡಿ ಮಾರಬಹುದು, ಮಾರುತ್ತಲೂ ಇದ್ದಾರೆ. ಸವೆದ 16 ಎಂಎಂ ಪ್ರಿಂಟಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಡಿಸ್ಕಿಗೆ ಇಳಿಸಿದ ಮಾಲು ಅಗ್ಗಕ್ಕೆ ಸಿಗದೆ ಇನ್ನೇನಾದೀತು? ಒಂದು ಕಾಲದಲ್ಲಿ ಶಿವಮೊಗ್ಗದಲ್ಲಿ ಕ್ಯಾಸೆಟ್ ಬಾಡಿಗೆಯ ಅಂಗಡಿ ಇಟ್ಟಿದ್ದವನು ನಾನು. ಪ್ರತಿಯ ಪ್ರತಿಯ ಪ್ರತಿ ಎಂದರೆ ಏನೆಂದು ಚೆನ್ನಾಗಿ ಬಲ್ಲೆ.

ಗಡಿಬಿಡಿಯ ವಿಚಾರಕ್ಕೆ ಬರೋಣ. ಮೂಕಿ ಕಾಲದ ಕ್ಯಾಮೆರಾವನ್ನು ಸಾಮಾನ್ಯವಾಗಿ ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಇಷ್ಟೇ ಚೌಕಟ್ಟು (ಫಿಲ್ಮಿನ ಒಂದೊಂದು ಬಿಡಿಚಿತ್ರ) ಎಂಬ ಕಟ್ಟುನಿಟ್ಟು ಇರಲಿಲ್ಲ. ಮಾತು ಬಂದ ಮೇಲೆ ಅದು 24ಕ್ಕೆ ನಿಂತಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಒಂದು ನಿಮಿಷದ ನಡಿಗೆ 45 ಸೆಕೆಂಡಿಗೆ ಮುಗಿದುಹೋಗುತ್ತದೆ. ಬೆನ್ನಟ್ಟುವ ದೃಶ್ಯಗಳಲ್ಲಿ ಕೀಟನ್ ಬೇಕೆಂದೇ ಕ್ಯಾಮೆರಾವನ್ನು ನಿಧಾನ ತಿರುಗಿಸಿ ವೇಗ ಹೆಚ್ಚಿಸುತ್ತಿದ್ದದ್ದು ನಿಜ. ಆದರೆ ಅವನು ಸುಮ್ಮನೆ ಕೂತು ಯೋಚಿಸುವ ದೃಶ್ಯಕ್ಕೆ ಆ ವೇಗ ಬಂದರೆ ಎಲ್ಲ ಕೆಟ್ಟಿತು.

ಈ ಚಿತ್ರದಲ್ಲೇ ಅಂಥದೊಂದು ದೃಶ್ಯವಿದೆ. ಅಮೆರಿಕದ ಅಂತರ್ಯುದ್ಧದ ಕಾಲ. ಎಂಜಿನ್ ಚಾಲಕ ಜಾನಿಯನ್ನು (ಇದು ಕೀಟನ್ ಪಾತ್ರ) ಸೈನ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಚಾಲಕನಾಗಿದ್ದರೇ ಹೆಚ್ಚು ಉಪಯೋಗ ಎಂಬುದು ಕಾರಣ, ಆದರೆ ಅದನ್ನು ಅವನಿಗೆ ಹೇಳುವವರಿಲ್ಲ. ಸಮವಸ್ತ್ರ ತೊಡುವವರೆಗೆ ಮಾತನಾಡಿಸಬೇಡ ಎಂದು ಪ್ರೇಯಸಿ ಮುಖ ತಿರುಗಿಸಿ ಹೋಗುತ್ತಾಳೆ. ಅವನು ಎಂಜಿನ್ನಿನ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಉಕ್ಕಿನ ದಂಡದ ಮೇಲೆ ಕುಸಿದು ಕೂರುತ್ತಾನೆ. ಎಂಜಿನ್ ಹೊರಡುತ್ತದೆ. ದಂಡ ಅವನನ್ನು ಮೇಲೆತ್ತುತ್ತದೆ, ಕೆಳಗಿಳಿಸುತ್ತದೆ, ಮತ್ತೆ ಎತ್ತುತ್ತದೆ. ಅವನಿಗೆ ಅರಿವೇ ಇಲ್ಲ. ಇನ್ನೇನು ಶೆಡ್ಡಿನ ಕತ್ತಲೆಯೊಳಗೆ ಹೋಗಬೇಕು ಎನ್ನುವಾಗ ತಲೆ ಎತ್ತಿ ನೋಡುತ್ತಾನೆ, ಅಷ್ಟೇ. ಚಕ್ರ ಒಮ್ಮೆ ಜಾರಿ ಗಿರಕಿ ಹೊಡೆದಿದ್ದರೆ ಕೀಟನ್ ಉಳಿಯುತ್ತಿರಲಿಲ್ಲ. ಆ ತಲೆ ಎತ್ತುವಿಕೆ ಕಾಣದ ಪ್ರಿಂಟಿನಲ್ಲಿ ಈ ದೃಶ್ಯಕ್ಕೆ ಯಾರೂ ನಗಲಾರರು.

ಉರಿಯುವ ಸೇತುವೆಯಿಂದ ರೈಲು ನದಿಗೆ ಬೀಳುವ ದೃಶ್ಯದ ಗತಿಯೂ ಅದೇ. ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ ನಿಜವಾದ ಎಂಜಿನ್ನನ್ನೇ ಒಮ್ಮೆಗೇ ಬೀಳಿಸಿ ತೆಗೆದದ್ದು ಅದು. ಎರಡನೇ ಮಹಾಯುದ್ಧದಲ್ಲಿ ಗುಜರಿಗೆ ಹೋಗುವವರೆಗೂ ಆ ಎಂಜಿನ್ ನದಿಯಲ್ಲೇ ಬಿದ್ದಿತ್ತು. ಮಸುಕು ಪ್ರಿಂಟಿನಲ್ಲಿ ಅದು ಆಟಿಕೆಯಂತೆ ಕಾಣುತ್ತದೆ. ಅಷ್ಟು ಹಣ ಸುರಿದದ್ದಕ್ಕೆ ಏನು ಬಂತು ಹೇಳಿ!

ಅಂಗಡಿಯವನ ಒಂದು ಕಿವಿಮಾತು: ಸಂಗೀತ ಯಾರದ್ದೆಂದು ಹೊದಿಕೆಯ ಮೇಲೆ ಬರೆಯದ ಮೂಕಿ ಡಿಸ್ಕನ್ನು ಕೊಳ್ಳಬೇಡಿ. ಸಂಗೀತಗಾರನಿಗೆ ಹಣ ಕೊಟ್ಟವನು ಪ್ರಿಂಟಿಗೂ ಹಣ ಕೊಟ್ಟಿರುತ್ತಾನೆ. ‘ದಿ ಜನರಲ್’ಗೆ ಕಾರ್ಲ್ ಡೇವಿಸ್ ಮಾಡಿದ ಸಂಗೀತವಿದೆ, ಜಪಾನಿನ ಜೋ ಹಿಸಾಯಿಶಿ ಮಾಡಿದ್ದೂ ಇದೆ. ಯಾವುದಾದರೂ ಸರಿ, ಇನ್ನೊಮ್ಮೆ ನೋಡಿ. ಆಗಲೂ ನಗು ಬರದಿದ್ದರೆ ನನಗೆ ಬೈದು ಪತ್ರ ಬರೆಯಿರಿ, ಅಚ್ಚು ಹಾಕಿಸುತ್ತೇನೆ.

ಪ್ರಶ್ನೆ: ಇಡೀ ಮನೆಯ ಗೋಡೆ ಅವನ ಮೇಲೆ ಬೀಳುತ್ತದೆ, ಅವನು ಕಿಟಕಿಯ ಜಾಗದಲ್ಲಿ ನಿಂತು ಬದುಕುತ್ತಾನೆ. ಅದು ಕ್ಯಾಮೆರಾ ಚಮತ್ಕಾರವೆಂದು ನಮ್ಮ ಮನೆಯವರು, ನಿಜವೆಂದು ನಾನು. ಯಾರು ಗೆದ್ದರು?
– ಗೃಹಿಣಿ, ಹಾಸನ

ಉತ್ತರ: ನೀವೇ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದ ದೃಶ್ಯವದು. ಗೋಡೆ ನಿಜವಾದದ್ದು, ಎರಡು ಟನ್ ತೂಕವಿತ್ತು ಎನ್ನುತ್ತಾರೆ. ಕಿಟಕಿಯ ಚೌಕಟ್ಟಿಗೂ ಅವನ ಮೈಗೂ ನಡುವೆ ಕೆಲವೇ ಅಂಗುಲಗಳ ಅಂತರ. ನಿಮ್ಮ ಯಜಮಾನರಿಗೆ ಇನ್ನೂ ಎರಡು ಚಿತ್ರ ತೋರಿಸಿ: 1919ರ ‘ಬ್ಯಾಕ್ ಸ್ಟೇಜ್’ನಲ್ಲಿ ನಾಟಕದ ಹಗುರ ಪರದೆ-ಗೋಡೆ ಇದೇ ರೀತಿ ಬೀಳುತ್ತದೆ, 1920ರ ‘ಒನ್ ವೀಕ್’ನಲ್ಲಿ ಅದಕ್ಕಿಂತ ಸ್ವಲ್ಪ ದೊಡ್ಡದು ಬೀಳುತ್ತದೆ. ಮೂರನ್ನೂ ಒಂದೇ ಸಂಜೆ ನೋಡಿದರೆ, ಒಂದು ಉಪಾಯವನ್ನು ಒಬ್ಬ ಮನುಷ್ಯ ಹೇಗೆ ವರ್ಷಗಟ್ಟಲೆ ತಿದ್ದುತ್ತಾ ಬಂದ ಎಂಬುದು ಕಣ್ಣಿಗೆ ಕಟ್ಟುತ್ತದೆ. ಮನೆಯಲ್ಲಿ ನೋಡುವುದರ ಸುಖವೇ ಇದು. ಯಾವ ಥಿಯೇಟರಿನವನು ನಿಮಗಾಗಿ ಹಾಗೆ ಓಡಿಸುತ್ತಾನೆ?

ಪ್ರಶ್ನೆ: ಅಳಿಯ ಅಮೆರಿಕದಿಂದ ಕೀಟನ್ ಡಿವಿಡಿಗಳ ಪೆಟ್ಟಿಗೆ ತಂದುಕೊಟ್ಟಿದ್ದಾರೆ. ನಮ್ಮ ಪ್ಲೇಯರ್ ಒಂದನ್ನೂ ಓಡಿಸುವುದಿಲ್ಲ. ಕೆಟ್ಟಿದೆಯೇ?
– ಓದುಗರು, ಉಡುಪಿ

ಉತ್ತರ: ಏನೂ ಕೆಟ್ಟಿಲ್ಲ. ಜಗತ್ತನ್ನು ವಲಯಗಳಾಗಿ ಹಂಚಿಕೊಂಡಿದ್ದಾರೆ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ನಾವು ‘ಸಿ’. ಎಲ್ಲ ವಲಯದ ಡಿಸ್ಕ್ ಓಡಿಸುವ ಪ್ಲೇಯರ್ ಕೊಳ್ಳುವುದೇ ನೆಮ್ಮದಿ. ಕಂಪ್ಯೂಟರ್ ಡ್ರೈವಿನಲ್ಲಿ ವಲಯ ಬದಲಿಸಬಹುದು, ಆದರೆ ಐದು ಸಲ ಮಾತ್ರ, ಆಮೇಲೆ ಅದು ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಇನ್ನೊಂದು ವಿಷಯ: ಅಗಲ ಟಿವಿಯಲ್ಲಿ ಚಿತ್ರವನ್ನು ಎಳೆದು ತುಂಬಿಸಬೇಡಿ. 4:3 ಅನುಪಾತಕ್ಕೆ ಇಡಿ, ಎರಡು ಬದಿ ಕಪ್ಪಾಗಿಯೇ ಇರಲಿ. ಎಳೆದರೆ ಸಪೂರದ ಕೀಟನ್ ಸಂಕ್ರಾಂತಿಯ ಕುಂಬಳಕಾಯಿಯಂತಾಗುತ್ತಾನೆ.

ಪ್ರಶ್ನೆ: ನಮ್ಮ ಮಗಳು ಕೇಳುತ್ತಾಳೆ, ‘ಈ ಮಾಮ ಯಾಕೆ ನಗುವುದೇ ಇಲ್ಲ?’
– ತಾಯಿ, ತುಮಕೂರು

ಉತ್ತರ: ಆ ಮಾಮ ಅವಳ ವಯಸ್ಸಿನಲ್ಲೇ ಅಪ್ಪ ಅಮ್ಮನ ಜೊತೆ ರಂಗದ ಮೇಲೆ ಕುಣಿಯುತ್ತಿದ್ದ ಎಂದು ಹೇಳಿ. ಅಪ್ಪ ಅವನನ್ನು ಎತ್ತಿ ಎಸೆಯುತ್ತಿದ್ದ. ಎಸೆಯಲು ಅನುಕೂಲವಾಗಲೆಂದು ಅಂಗಿಗೆ ಪೆಟ್ಟಿಗೆಯ ಹಿಡಿಯನ್ನೇ ಹೊಲಿದಿದ್ದರು. ಬಿದ್ದು ತಾನೇ ನಕ್ಕರೆ ಜನ ನಗುವುದಿಲ್ಲ, ಗಂಭೀರವಾಗಿ ಎದ್ದರೆ ಬಿದ್ದು ಬಿದ್ದು ನಗುತ್ತಾರೆ ಎಂದು ಆಗಲೇ ಕಲಿತ. ಮಗಳಿಗೆ ಅವನ ನಗು ನೋಡಲೇಬೇಕಿದ್ದರೆ 1917ರ ‘ಕೋನಿ ಐಲೆಂಡ್’ ಹಾಕಿ. ಹಾಸ್ಯನಟ ಫ್ಯಾಟಿ ಆರ್ಬಕಲ್ ಜೊತೆಗಿನ ಆ ಚಿಕ್ಕ ಚಿತ್ರದಲ್ಲಿ ಬಾಯ್ತುಂಬ ನಗುತ್ತಾನೆ. ನೋಡಲು ವಿಚಿತ್ರವಾಗಿದೆ, ನನಗಂತೂ ಹಿಡಿಸಲಿಲ್ಲ.

ಪ್ರಶ್ನೆ: ಚಾಪ್ಲಿನ್ ದೊಡ್ಡವನೋ, ಕೀಟನ್ ದೊಡ್ಡವನೋ?
– ಓದುಗರು, ಕಲಬುರಗಿ

ಉತ್ತರ: 1952ರ ‘ಲೈಮ್‌ಲೈಟ್’ನಲ್ಲಿ ಇಬ್ಬರೂ ಒಂದೇ ರಂಗದ ಮೇಲಿದ್ದಾರೆ. ನೋಡಿಕೊಂಡು ನೀವೇ ತೀರ್ಮಾನಿಸಿ.

ಪ್ರಶ್ನೆ: ಹಳೆಯ ಕ್ಯಾಸೆಟ್‌ಗಳಿಗೆ ಮಳೆಗಾಲದಲ್ಲಿ ಬೂಷ್ಟು ಬಂದಿದೆ. ಒಮ್ಮೆ ಓಡಿಸಿದರೆ ತಾನಾಗಿ ಹೋಗುತ್ತದೆಯೇ?
– ಅಡಿಕೆ ಬೆಳೆಗಾರ, ಸಾಗರ

ಉತ್ತರ: ಖಂಡಿತ ಓಡಿಸಬೇಡಿ! ಬೂಷ್ಟು ಪ್ಲೇಯರ್ ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಮದುವೆ, ನಾಮಕರಣದ ಕ್ಯಾಸೆಟ್‌ಗಳಿದ್ದರೆ ಬೇರೆ ಇಟ್ಟು, ಶುಚಿ ಮಾಡಿ ಡಿಜಿಟಲ್‌ಗೆ ಇಳಿಸುವವರ ಕೈಗೆ ಕೊಡಿ. ಕೀಟನ್ ಕ್ಯಾಸೆಟ್ಟಿಗಾಗಿ ಆ ಖರ್ಚು ಬೇಡ. ಅವನ ಚಿತ್ರಗಳು ಅದಕ್ಕಿಂತ ಎಷ್ಟೋ ಚೆನ್ನಾಗಿ ಈಗ ಡಿಸ್ಕಿನಲ್ಲಿ ಸಿಗುತ್ತವೆ.

ಪ್ರಶ್ನೆ: ಜನರ ನಡುವೆ ದೊಡ್ಡ ಪರದೆಯ ಮೇಲೆ ನೋಡಬೇಕಾದ ಮೂಕಿ ಚಿತ್ರವನ್ನು ಸೋಫಾದಲ್ಲಿ ಒರಗಿಕೊಂಡು ಟಿವಿಯಲ್ಲಿ ನೋಡುವುದು ಆ ಕಲಾವಿದನಿಗೆ ಮಾಡುವ ಅವಮಾನವಲ್ಲವೇ?
– ಸಿನಿಮಾ ವಿದ್ಯಾರ್ಥಿ, ಮೈಸೂರು

ಉತ್ತರ: ಅರ್ಧ ಒಪ್ಪುತ್ತೇನೆ. ನಗು ಅಂಟುರೋಗ, ಒಬ್ಬರೇ ಕೂತರೆ ಅಷ್ಟಾಗಿ ಹತ್ತುವುದಿಲ್ಲ. ಇನ್ನರ್ಧಕ್ಕೆ, ಮನೆಗಳೇ ಈ ಚಿತ್ರಗಳನ್ನು ಹೇಗೆ ಕಾಪಾಡಿದವು ಎಂಬ ಕೊಂಚ ಚರಿತ್ರೆ ಕೇಳಿ.

1928ರಲ್ಲಿ ಎಂಜಿಎಂ ಸ್ಟುಡಿಯೊ ಸೇರಿದ ಮೇಲೆ ಕೀಟನ್ ತನ್ನ ಚಿತ್ರಗಳ ಮೇಲಿನ ಹಿಡಿತ ಕಳೆದುಕೊಂಡ. ಕುಡಿತಕ್ಕೆ ಬಿದ್ದ, ಬೆವರ್ಲಿ ಹಿಲ್ಸ್‌ನ ಮಹಲೂ ಕೈಬಿಟ್ಟಿತು. ಮುಂದೆ ಆ ಮನೆಗೆ ಬಂದ ನಟ ಜೇಮ್ಸ್ ಮೇಸನ್‌ಗೆ 1950ರ ದಶಕದಲ್ಲಿ ಅಲ್ಲಿಯೇ ಕೀಟನ್ ಚಿತ್ರಗಳ ರೀಲುಗಳು ಸಿಕ್ಕವು. ನೈಟ್ರೇಟ್ ರೀಲುಗಳು, ಹೊತ್ತಿಕೊಂಡರೆ ನೀರಿನೊಳಗೂ ಉರಿಯುವ ಜಾತಿ. ಅವು ಮನೆಯ ಮೂಲೆಯಲ್ಲಿ ಅಷ್ಟು ಕಾಲ ತೆಪ್ಪಗಿದ್ದದ್ದೇ ಹೆಚ್ಚು. ಕ್ಯಾಸೆಟ್ ಹುಟ್ಟುವ ಮೊದಲೇ ಅಮೆರಿಕದ ಅಯೋವಾ ರಾಜ್ಯದ ಬ್ಲಾಕ್‌ಹಾಕ್ ಫಿಲ್ಮ್ಸ್ ಎಂಬ ಸಂಸ್ಥೆ ಇಂಥ ಚಿತ್ರಗಳ 8 ಎಂಎಂ, 16 ಎಂಎಂ ಪ್ರತಿಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಜನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ನೋಡುತ್ತಿದ್ದರು.

ಎಲ್ಲಕ್ಕಿಂತ ಸ್ವಾರಸ್ಯ ‘ದಿ ಬ್ಲಾಕ್‌ಸ್ಮಿತ್’ನದು. 1922ರ ಈ ಚಿಕ್ಕ ಚಿತ್ರವನ್ನು ನಾವೆಲ್ಲ ದಶಕಗಳಿಂದ ನೋಡುತ್ತಾ, ‘ಇದೇಕೋ ಸಪ್ಪೆ’ ಎಂದುಕೊಳ್ಳುತ್ತಿದ್ದೆವು. 2013ರಲ್ಲಿ ಅರ್ಜೆಂಟೀನಾದ ಚಿತ್ರ ಇತಿಹಾಸಕಾರ ಫರ್ನಾಂಡೋ ಪೆನ್ಯಾ ಅವರಿಗೆ ಅದರ ಬೇರೆಯೇ ಒಂದು ರೂಪ ಸಿಕ್ಕಿತು. ಯಾರೂ ಕಂಡಿರದ ಬೆನ್ನಟ್ಟುವ ದೃಶ್ಯಗಳಿದ್ದವು. ಕೀಟನ್ ತಾನೇ ಮತ್ತೆ ಚಿತ್ರೀಕರಿಸಿ ಚಿತ್ರವನ್ನು ಹುರುಪುಗೊಳಿಸಿದ್ದ! ಸಿಕ್ಕಿದ್ದು ಯಾವ ಥಿಯೇಟರಿನ ಪ್ರಿಂಟೂ ಅಲ್ಲ, 9.5 ಎಂಎಂ ಪ್ರತಿ. ಮನೆಯಲ್ಲಿ ಸಿನಿಮಾ ನೋಡುವವರಿಗೆಂದೇ ಫ್ರಾನ್ಸಿನ ಪಾಥೆ ಸಂಸ್ಥೆ 1922ರಲ್ಲಿ ಮಾರುಕಟ್ಟೆಗೆ ತಂದ ಕಿರು ಫಿಲ್ಮ್ ಅದು.

ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ದೊಡ್ಡ ಪರದೆಯ ಮೇಲೆಯೇ ಓಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾವನಾದರೂ ಪುಣ್ಯಾತ್ಮ ಒಂದು ರೀಲನ್ನು ಅಟ್ಟದ ಮೇಲೆ ಇಟ್ಟಿದ್ದರೆ ಸೋಫಾದಲ್ಲಲ್ಲ, ನೆಲದ ಮೇಲೆ ಮಲಗಿಯಾದರೂ ನೋಡುತ್ತಿದ್ದೆ.

ಪ್ರಶ್ನೆ: ಆರನೇ ತರಗತಿಯ ಮಕ್ಕಳಿಗೆ ಪ್ರೊಜೆಕ್ಟರಿನಲ್ಲಿ ಕೀಟನ್ ತೋರಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ನಡುನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳು ಅವರಿಗೆ ಅರ್ಥವಾದಾವೇ?
– ಸರ್ಕಾರಿ ಶಾಲೆಯ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಉತ್ತರ: ‘ಒನ್ ವೀಕ್’ನಿಂದ, ಮೇಡಂ. ಇಪ್ಪತ್ತು ನಿಮಿಷದ ಆಸುಪಾಸು, ಒಂದು ಪೀರಿಯಡ್ಡಿನಲ್ಲಿ ಎರಡು ಸಲ ತೋರಿಸಬಹುದು. ಹೊಸ ದಂಪತಿಗೆ ಬಿಡಿಭಾಗಗಳ ಮನೆಯೊಂದು ಉಡುಗೊರೆಯಾಗಿ ಬರುತ್ತದೆ. ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ಮೇಲಿನ ಅಂಕಿಗಳನ್ನು ತಿದ್ದುತ್ತಾನೆ. ಗೋಡೆಗಳು ಸೊಟ್ಟ, ಮೇಲಂತಸ್ತಿನ ಬಾಗಿಲು ತೆರೆದರೆ ಬಯಲು, ಗೃಹಪ್ರವೇಶದ ದಿನವೇ ಬಿರುಗಾಳಿ. ಫಲಕಗಳ ಚಿಂತೆ ಬೇಡ. ಬೇರೆಯವರು ಚಿತ್ರವೊಂದಕ್ಕೆ 240 ಫಲಕ ಬಳಸುತ್ತಿದ್ದಾಗ ತಾನು 56 ದಾಟಿಲ್ಲ ಎಂದು ಕೀಟನ್ ಹೇಳಿಕೊಳ್ಳುತ್ತಿದ್ದ. ಅಗತ್ಯವಿರುವಲ್ಲಿ ನೀವೇ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಬಿಡಿ. ಕೊನೆಯ ರೈಲಿನ ವಿಷಯ ಮಾತ್ರ ಬಾಯಿಬಿಡಬೇಡಿ, ನಾನೂ ಬಿಡುವುದಿಲ್ಲ.

ಆಮೇಲೆ ‘ಷರ್ಲಾಕ್ ಜೂನಿಯರ್’, 1924ರದು. ನಿದ್ದೆಹೋದ ಪ್ರೊಜೆಕ್ಟರ್ ಚಾಲಕ ಪರದೆಯೊಳಗೇ ನುಗ್ಗುತ್ತಾನೆ. ಪ್ರೊಜೆಕ್ಟರ್ ನೋಡಿದ ಮಕ್ಕಳಿಗೆ ಅದು ಬೇಗ ಹಿಡಿಸುತ್ತದೆ. ‘ಸೆವೆನ್ ಚಾನ್ಸಸ್’, ‘ಕಾಲೇಜ್’ ಚಿತ್ರಗಳನ್ನು ಮೊದಲು ನೀವೊಬ್ಬರೇ ನೋಡಿ. ಕಪ್ಪುಜನರನ್ನು ಗೇಲಿ ಮಾಡುವ, ಇಂದು ಮುಖ ಕಿವುಚುವಂಥ ತುಣುಕುಗಳು ಅವುಗಳಲ್ಲಿವೆ. ‘ದಿ ಜನರಲ್’ ಹೈಸ್ಕೂಲಿಗೆ ಇರಲಿ. ಅದರ ನಾಯಕ ನಿಂತಿರುವುದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದವರ ಪಕ್ಷದಲ್ಲಿ. ಅದನ್ನು ಮಕ್ಕಳಿಗೆ ಹೇಳಿಯೇ ದೀಪ ಆರಿಸಿ.