ಬೇಸ್‌ಬಾಲಲ್ಲಿ, ಕಾಲೇಜಲ್ಲಿ ಪಿಚರ್ (ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯೋನು) ಆಗಿದ್ದೋನು ಅಮೆರಿಕದ ದೊಡ್ಡ ಲೀಗ್ ಆದ ಮೇಜರ್ ಲೀಗ್‌ಗೆ ಹೋಗಿ ಅಲ್ಲೂ ದೊಡ್ಡ ಹೆಸರು ಮಾಡಿರೋದು ಉಂಟಾ?

ಉಂಟು. ಕಾಲೇಜಲ್ಲಿ ಸರಿಯಾಗಿ ಪಿಚರ್ರೂ ಆಗಿರ್ದೇ ಇದ್ದೋನೇ ಮಾಡಿದಾನೆ, ಜೇಕಬ್ ಡಿಗ್ರಾಮ್ ಅಂತ. 2018ರಲ್ಲಿ ಕೆಲ್ಸದ ಮೇಲೆ ನ್ಯೂಯಾರ್ಕ್ ಕಡೆ ಇದ್ದಾಗ ಆಫೀಸಿನ ಫ್ರೆಂಡ್ ಒಬ್ಬ 7 ನಂಬರ್ ಟ್ರೈನ್ ಹತ್ತಿಸಿ ನ್ಯೂಯಾರ್ಕ್ ಮೆಟ್ಸ್ ಟೀಮಿನ ಮೈದಾನ ಸಿಟಿ ಫೀಲ್ಡ್‌ಗೆ ಎಳ್ಕೊಂಡ್ ಹೋಗಿದ್ದ, ನಂಗೆ ಹುಚ್ಚು ಹತ್ತಿದ್ದೇ ಅವತ್ತು.

ಈ ಪುಣ್ಯಾತ್ಮ ಫ್ಲೋರಿಡಾದ ಸ್ಟೆಟ್ಸನ್ ಯೂನಿವರ್ಸಿಟಿಲಿ ಶಾರ್ಟ್‌ಸ್ಟಾಪ್, ಅಂದ್ರೆ ಎರಡನೇ ಮೂರನೇ ಬೇಸ್ ಮಧ್ಯೆ ನಿಲ್ಲೋ ಫೀಲ್ಡರ್. ಬ್ಯಾಟಿಂಗ್ ಅಷ್ಟಕ್ಕಷ್ಟೇ, ಆದ್ರೆ ಕೈಯಲ್ಲಿ ಭಾರೀ ಜೋರು, ಅದನ್ನ ನೋಡಿ ಕೋಚ್‌ಗಳು ಮೂರನೇ ವರ್ಷ ಪಿಚಿಂಗಿಗೆ ಹಾಕಿದ್ರು. ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋ 2010ರ ಡ್ರಾಫ್ಟಲ್ಲಿ ಮೆಟ್ಸ್‌ನೋರು ಒಂಬತ್ತನೇ ರೌಂಡಲ್ಲಿ, 272ನೇ ಹೆಸರಾಗಿ ತಗೊಂಡ್ರು. ಸಣ್ಣ ವಯಸ್ಸಿಂದ ಎಸ್ದೂ ಎಸ್ದೂ ಸವೆದಿರೋ ಕೈ ಅಲ್ವಲ್ಲ, ಬಾಳಿಕೆ ಬರುತ್ತೆ ಅಂತ ಅನ್ಕೋಬಹುದು, ಆದ್ರೆ ಅದೇ ವರ್ಷ ಮೊಣಕೈ ಲಿಗಮೆಂಟ್ ಹೋಗಿ, ಅದನ್ನ ಬದಲಾಯಿಸೋ ಟಾಮಿ ಜಾನ್ ಸರ್ಜರಿ ಆಯ್ತು, 2011 ಪೂರ್ತಿ ಮನೆಗೆ. ಆಗ್ಲೇ ಗಾಯ ಆಗಿ ರಿಹ್ಯಾಬ್‌ನಲ್ಲಿದ್ದ ಮೆಟ್ಸ್ ಪಿಚರ್ ಯೋಹಾನ್ ಸ್ಯಾಂಟಾನಾ, ವರ್ಷದ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಅವಾರ್ಡ್ ಎರಡು ಸಲ ಗೆದ್ದಿರೋ ದೊಡ್ಡ ಮನುಷ್ಯ, ಇವನಿಗೆ ಚೇಂಜಪ್ (ವೇಗದ ಚೆಂಡಿನ ಥರ ಕಂಡು ನಿಧಾನಕ್ಕೆ ಬರೋ ಎಸೆತ) ಹಿಡಿಯೋದು ಹೇಳ್ಕೊಟ್ಟ. ಕಾಲೇಜಲ್ಲಿ ಸಿಗ್ದೇ ಇದ್ದ ಪಾಠ ಆಸ್ಪತ್ರೆ ದೆಸೆಯಿಂದ ಸಿಕ್ತು ನೋಡಿ.

2014 ಮೇ 15ಕ್ಕೆ ಯಾಂಕೀಸ್ ಮೇಲೆ ಮೊದಲ ಮ್ಯಾಚ್, ಏಳು ಇನ್ನಿಂಗ್ಸಿಗೆ ಒಂದೇ ರನ್ ಕೊಟ್ಟ, ಮೆಟ್ಸ್ ಸೊನ್ನೆ ಹೊಡೆದು ಸೋತ್ರು. ಆ ವರ್ಷ ರೂಕಿ ಆಫ್ ದಿ ಇಯರ್, ಅಂದ್ರೆ ವರ್ಷದ ಬೆಸ್ಟ್ ಹೊಸ ಆಟಗಾರ, ಆದ ಅನ್ನೋದು ಸರಿ, ಆದ್ರೆ ಈ ಸೋಲಿನ ಕರ್ಮ ಮಾತ್ರ ಬೆನ್ನು ಬಿಡ್ಲಿಲ್ಲ. 2018ರಲ್ಲಿ 269 ಸ್ಟ್ರೈಕೌಟ್ (ಮೂರು ಸ್ಟ್ರೈಕಿಗೆ ಬ್ಯಾಟ್ಸ್‌ಮನ್ ಔಟ್), ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಕೊಟ್ಟಿದ್ದು ಬರೀ 1.70 ರನ್, ಅವನ ಹೆಸರಿಗೆ ಬಂದ ಗೆಲುವು ಎಷ್ಟು ಗೊತ್ತಾ, 10! ಸೋಲು 9. ಅವತ್ತು ಸಿಟಿ ಫೀಲ್ಡಲ್ಲಿ ನಮ್ಮ ಹಿಂದಿನ ಸೀಟಿನ ಅಜ್ಜ ಒಬ್ರು ಪ್ರತಿ ಸ್ಟ್ರೈಕೌಟಿಗೂ ಎದ್ದು ಚಪ್ಪಾಳೆ ಹೊಡೆದು, ಮೆಟ್ಸ್ ಬ್ಯಾಟಿಂಗಿಗೆ ಬಂದ ಕೂಡ್ಲೇ ಟೋಪಿ ಮುಖದ ಮೇಲೆ ಎಳ್ಕೊಂಡು ಕೂತ್ಬಿಡೋರು. ಪುಣ್ಯಕ್ಕೆ ಸೈ ಯಂಗ್‌ಗೆ ವೋಟ್ ಹಾಕೋರು ಗೆಲುವಿನ ಕಾಲಂ ನೋಡ್ಕೊಂಡು ಕೂರ್ಲಿಲ್ಲ, ಅವನಿಗೇ ಕೊಟ್ರು, 2019ರಲ್ಲಿ ಇನ್ನೊಂದು ಸಲ.

ಆಮೇಲೆ ಟೆಕ್ಸಸ್ ರೇಂಜರ್ಸ್ ಐದು ವರ್ಷಕ್ಕೆ 185 ಮಿಲಿಯನ್ ಡಾಲರ್ ಕೊಟ್ಟು ಕರ್ಕೊಂಡ್ರು, 2023ರಲ್ಲಿ ಆರೇ ಮ್ಯಾಚಿಗೆ ಮತ್ತೆ ಅದೇ ಮೊಣಕೈ, ಮತ್ತೆ ಅದೇ ಸರ್ಜರಿ. ಕಥೆ ಮುಗೀತು ಅನ್ಕೊಂಡೋರಲ್ಲಿ ನಾನೂ ಒಬ್ಬ. 2025ರಲ್ಲಿ, 37ನೇ ವಯಸ್ಸಿಗೆ, ಪೂರ್ತಿ ಸೀಸನ್ 30 ಮ್ಯಾಚಲ್ಲಿ ಪಿಚ್ ಮಾಡಿದ.