ಬೆಂಕಿಗುಂಡಿಗೆ ಹೊಳೆಗಲ್ಲು ಬೇಡ

ಮಂಡ್ಯದ ಮನೆಯ ಹಿತ್ತಲಲ್ಲಿ ಬೆಂಕಿಗುಂಡಿ ಕಟ್ಟಲು ಕಾವೇರಿ ದಡದ ಉರುಟುಗಲ್ಲುಗಳನ್ನು ಬಳಸಬಹುದೇ ಎಂದು ಕೇಳಿದ್ದೀರಿ; ದಯವಿಟ್ಟು ಬಳಸಬೇಡಿ. ವರ್ಷಗಟ್ಟಲೆ ನೀರಿನಲ್ಲಿದ್ದ ಕಲ್ಲಿನ ಸೂಕ್ಷ್ಮ ಬಿರುಕುಗಳಲ್ಲಿ ತೇವ ಉಳಿದಿರುತ್ತದೆ; ಬೆಂಕಿಯ ಕಾವಿಗೆ ಅದು ಆವಿಯಾಗಿ, ಹೊರಬರಲು ದಾರಿ ಸಿಗದೆ, ಕಲ್ಲನ್ನೇ ಸಿಡಿಸಿ ಚೂಪಾದ ಚಕ್ಕೆಗಳನ್ನು ಸುತ್ತ ಕುಳಿತವರ ಮುಖಕ್ಕೆ ಎರಚಬಲ್ಲದು. ಮೇಲ್ಮೈ ಒಣಗಿದಂತೆ ಕಂಡರೂ ನಂಬುವಂತಿಲ್ಲ. ಒಳಸುತ್ತನ್ನು ಫೈರ್ ಬ್ರಿಕ್ ಎಂಬ ಕಾವು ತಾಳುವ ಇಟ್ಟಿಗೆಯಿಂದ, ಶಾಖ ತಾಳುವ ಗಾರೆಯಲ್ಲಿ ಕಟ್ಟಿಸಿ. ಹೊರಸುತ್ತಿಗೆ ಸಾಮಾನ್ಯ ಇಟ್ಟಿಗೆ ಸಾಕು. ತಳಕ್ಕೆ ಸಿಮೆಂಟ್ ಹಾಕದೆ 4 ಅಂಗುಲ ಒಣ ಜಲ್ಲಿ ಹರಡಿದರೆ ಮಳೆನೀರು ಇಂಗುತ್ತದೆ. ಪಕ್ಕದಲ್ಲೇ ಕಬ್ಬಿನ ಗದ್ದೆಯಿದೆ ಎಂದು ಬರೆದಿದ್ದೀರಲ್ಲ, ನನ್ನ ನಿಜವಾದ ಆತಂಕ ಅದೇ: ಒಣಗಿದ ತರಗಿಗೆ ಒಂದು ಕಿಡಿ ಸಾಕು. ಆದ್ದರಿಂದ ಗುಂಡಿಯನ್ನು ಮನೆಯ ಗೋಡೆಯಿಂದ ಕನಿಷ್ಠ 10 ಅಡಿ, ಗದ್ದೆಯಿಂದ ಸಾಧ್ಯವಾದಷ್ಟು ದೂರದಲ್ಲಿ ತೋಡಿಸಿ, ಗಾಳಿ ಬೀಸುವ ಸಂಜೆ ಬೆಂಕಿ ಹಚ್ಚಲೇಬೇಡಿ.